ಅರ್ಧ ಸೂತಿನ ವಿಮಾನ

ಮೊದಲ ದಿನ

ದಸರಾ ರಜೆ ಮುಗಿಯಲು ಇನ್ನೂ ಐದು ದಿನ ಇತ್ತು. ಐದನೇ ಕ್ಲಾಸಿನ ಮಗ ರಜೆ ಪೂರ್ತಿ ಮೊಬೈಲ್ ಹಿಡಿದು ಕೂತಿದ್ದ. ಸಮುದ್ರ ನೋಡಿ ಬರೋಣ ಎಂದರೆ ಮುಖ ಎತ್ತಲಿಲ್ಲ. ಗೋಕರ್ಣ ಆಯ್ತು, ಮುರ್ಡೇಶ್ವರ ಆಯ್ತು, ಇನ್ನೆಂತ ನೋಡೋದು ಅಂದ. ಕಾರವಾರದ ಕಡಲತೀರದಲ್ಲಿ ನಿಜವಾದ ವಿಮಾನ ನಿಲ್ಲಿಸಿದ್ದಾರೆ ಕಣೋ ಎಂದಾಗ ಎದ್ದು ಕೂತ.

ನಾನು ಫೋನ್ ಮಾಡಿದ್ದು ಸೋದರಮಾವನಿಗೆ. ಮಾವ ಅಂದರೆ ನಮ್ಮೂರ ಸುತ್ತಮುತ್ತ ಎಲ್ಲರಿಗೂ ಬೇಕಾದವ. ಪಂಪು ನೀರು ಎಳೆಯದಿದ್ದರೆ, ಅಡಿಕೆ ಸುಲಿಯೋ ಮಷಿನ್ ಕಚ್ಚಿಕೊಂಡರೆ ಅವನೇ ಬರಬೇಕು. ಓದಿದ್ದು ಏಳನೇ ಕ್ಲಾಸು. ಕೊಟ್ಟಿಗೆಯ ಪಕ್ಕದ ಅವನ ಶೆಡ್ಡಿನಲ್ಲಿ ಸಣ್ಣ ತುಂಡು ತಂತಿಯನ್ನೂ ಎಸೆಯುವ ಹಾಗಿಲ್ಲ. ಅಡಿಕೆ ಕೊನೆ ಕೊಯ್ಲು ಶುರುವಾದರೆ ಅವನು ಸಿಗುವುದಿಲ್ಲ. ಅದಕ್ಕೇ ಈಗಲೇ ಕರೆದೆ.

"ವಿಮಾನದ ಎಂಜಿನ್ ಕಾಣ್ತನೇ ತಂಗಿ?" ಎಂದು ಕೇಳಿದ. ಕಾಣುತ್ತದೆ ಎಂದೆ. "ಹಂಗಾರೆ ಬತ್ತೆ."

ಬೆಳಿಗ್ಗೆ ಏಳಕ್ಕೆ ಹೊರಟೆವು. ಕಾರು ನನ್ನದು, ಓಡಿಸುವವಳೂ ನಾನೇ. ಮಾವ ಒಂದು ಕೈಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಪಾನಾ, ಕಟಿಂಗ್ ಪ್ಲೈಯರ್, ತಂತಿ ಹಿಡಿದು ಬಂದ. ಪ್ರವಾಸಕ್ಕೆ ಇದೆಲ್ಲ ಯಾಕೆ ಎಂದು ನಕ್ಕೆ. ದೇವಿಮನೆ ಘಟ್ಟದ ಅರ್ಧಕ್ಕೆ ಬಂದಾಗ ನಗು ನಿಂತಿತು. ಕಾಫಿ ಕುಡಿಯಲು ಗಾಡಿ ನಿಲ್ಲಿಸಿದ್ದೆವು. ಮತ್ತೆ ಕೀ ತಿರುಗಿಸಿದರೆ ಟಕ್ ಎಂಬ ಒಂದೇ ಸದ್ದು. ಆಮೇಲೆ ಅದೂ ಇಲ್ಲ.

ಮಾವ ಬಾನೆಟ್ ಎತ್ತಿದ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿತ್ತು. ಬಿಗಿ ಮಾಡಲು ಬೇಕಾದದ್ದು ಹತ್ತು ನಂಬರಿನ ಪಾನಾ, ಅಂದರೆ ಹತ್ತು ಮಿಲಿಮೀಟರಿನದು. ಮಾವನ ಚೀಲದಲ್ಲಿದ್ದವೆಲ್ಲ ಇಂಚಿನ ಪಾನಾ. ಅವನ ಅಪ್ಪ ತಂದ ಹಳೇ ಡೀಸೆಲ್ ಪಂಪಿನ ಜೊತೆ ಬಂದವು. ಮೂರು ಸೂತಿನದು ನಟ್ಟಿನೊಳಗೆ ಹೋಗಲೇ ಇಲ್ಲ. ಮೂರೂವರೆ ಸೂತಿನದು ಹಾಕಿದರೆ ಸುಮ್ಮನೆ ಜಾರುತ್ತದೆ. ಸೂತು ಗೊತ್ತಿಲ್ಲದವರಿಗೆ: ಒಂದು ಇಂಚಿಗೆ ಎಂಟು ಸೂತು. ಮೂರು ಸೂತು ಎಂದರೆ ಒಂಬತ್ತೂವರೆ ಮಿಲಿಮೀಟರು, ಮೂರೂವರೆ ಎಂದರೆ ಹನ್ನೊಂದರ ಹತ್ತಿರ. ನಮಗೆ ಬೇಕಾದ ಹತ್ತು ಸರಿಯಾಗಿ ನಡುವೆ ಬಿದ್ದಿತ್ತು.

ಮಾವ ಬೈಯಲಿಲ್ಲ. ಚೀಲದ ತಳದಿಂದ ತಗಡಿನ ಚೂರು ತೆಗೆದ, ಮಡಚಿದ, ಪಾನಾ ಮತ್ತು ನಟ್ಟಿನ ನಡುವೆ ತುರುಕಿದ, ತಿರುಗಿಸಿದ. ಗಾಡಿ ಹೊರಟಿತು. ಅವನ ಕೈ ಒರೆಸಲು ನನ್ನ ಒಳ್ಳೇ ಟವೆಲ್ ಹೋಯಿತು.

ಘಟ್ಟ ಇಳಿದು ದಿವಗಿಯಲ್ಲಿ ಹೆದ್ದಾರಿ ಸೇರಿದೆವು. ಮಿರ್ಜಾನ್ ಕೋಟೆ ನೋಡೋಣ ಎಂದುಕೊಂಡಿದ್ದೆ, ಬಿಸಿಲು ನೋಡಿ ಬಿಟ್ಟೆ. ಶಿರೂರಿನಲ್ಲಿ ಗುಡ್ಡ ಕುಸಿದ ಜಾಗ ಬಂದಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. 2024ರ ಜುಲೈನಲ್ಲಿ ಅಲ್ಲಿ ಮಣ್ಣು ಇಡೀ ಹೆದ್ದಾರಿಯನ್ನೇ ಹೊದ್ದುಕೊಂಡು ಗಂಗಾವಳಿಗೆ ಇಳಿದಿತ್ತು. ಅಂಕೋಲೆಯಲ್ಲಿ ಊಟ. ಬಿಣಗಾ ದಾಟಿ ಸುರಂಗ ಬಂದಾಗ ಮಗ ಕಿಟಕಿ ಇಳಿಸಿ ಕೂಗಿದ, ಪ್ರತಿಧ್ವನಿ ಕೇಳಬೇಕಂತೆ. ಕೇಳಿದ್ದು ಹಿಂದಿನ ಲಾರಿಯ ಹಾರ್ನ್.

ಸಂಜೆ ಟ್ಯಾಗೋರ್ ಕಡಲತೀರಕ್ಕೆ ಹೋದೆವು. ರವೀಂದ್ರನಾಥ ಠಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, ಇಪ್ಪತ್ತರ ಹರೆಯದ ರವೀಂದ್ರರು ಬಂದು ಉಳಿದಿದ್ದರಲ್ಲ, ಅದಕ್ಕೇ ಈ ಹೆಸರು. ಗಾಳಿ ಮರಗಳ ಸಾಲಿನ ಆಚೆ ವಿಮಾನದ ಬಾಲ ಕಂಡಿತು. ಕತ್ತಲಾಗುತ್ತಿತ್ತು. ನಾಳೆ ಎಂದೆ. ಮಾವನಿಗೆ ಲಾಡ್ಜಿನಲ್ಲಿ ನಿದ್ದೆ ಬರಲಿಲ್ಲ, ಫ್ಯಾನಿನ ಬೇರಿಂಗ್ ಹೋಗಿದೆಯಂತೆ, ಅದರ ಸದ್ದು.

ಎರಡನೇ ದಿನ

ಮೊದಲು ಹಡಗು. ಐಎನ್ಎಸ್ ಚಪಲ್ ಎಂಬ ಈ ಕ್ಷಿಪಣಿ ದೋಣಿಯನ್ನು ನೀರಿನಿಂದ ಎತ್ತಿ ದಡದಲ್ಲಿ ಕೂರಿಸಿ ಮ್ಯೂಸಿಯಂ ಮಾಡಿದ್ದಾರೆ. 2006ರಿಂದ ಇದೆ. ಇದು 1971ರ ಯುದ್ಧದಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಹಡಗು ಎಂದು ನಮ್ಮ ಮುಂದಿದ್ದ ಒಬ್ಬರು ಮಕ್ಕಳಿಗೆ ಹೇಳುತ್ತಿದ್ದರು. ಹೀಗೇ ಹೇಳುವವರು ತುಂಬ ಮಂದಿ. ಆದರೆ ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್. ಇವು ಇದೇ ಜಾತಿಯ ರಷ್ಯನ್ ದೋಣಿಗಳು, ಇದರ ಅಕ್ಕಂದಿರು ಅನ್ನಬಹುದು. ತಿದ್ದೋಣ ಅನ್ನಿಸಿತು. ಮಕ್ಕಳ ಮುಂದೆ ಅಪ್ಪನನ್ನು ತಿದ್ದುವುದು ಬೇಡ ಎಂದು ಸುಮ್ಮನಾದೆ.

ಹಡಗಿನ ಉದ್ದ 38.6 ಮೀಟರ್. ಈ ಅಂಕಿ ನೆನಪಿರಲಿ, ಬೇಕಾಗುತ್ತದೆ. ಒಳಗೆ ತಲೆ ತಗ್ಗಿಸಿಕೊಂಡೇ ಓಡಾಡಬೇಕು. ಮಾವ ತಗ್ಗಿಸಲಿಲ್ಲ, ಎರಡು ಸಲ ಬಡಿಸಿಕೊಂಡ. ಅಲ್ಲಿಗೆ ಹಡಗು ಮುಗಿಯಿತು.

ಆಮೇಲೆ ವಿಮಾನ.

ದೂರದಿಂದ ನೋಡಿದಾಗ ಅದರ ದೊಡ್ಡತನ ತಿಳಿಯುವುದಿಲ್ಲ. ರೆಕ್ಕೆಯ ಕೆಳಗೆ ಹೋಗಿ ನಿಂತರೆ ತಿಳಿಯುತ್ತದೆ. ರಷ್ಯಾದ ವಿಮಾನ, ಟಿಯು-142 ಇದರ ಹೆಸರು. ಉದ್ದ 53 ಮೀಟರ್. ಅಂದರೆ ಪಕ್ಕದಲ್ಲಿರುವ ಯುದ್ಧನೌಕೆಗಿಂತ ಈ ವಿಮಾನವೇ ಹದಿನಾಲ್ಕು ಮೀಟರ್ ಉದ್ದ. ಮಗ ಅದನ್ನು ನಂಬದೆ ಎರಡರ ಪಕ್ಕವೂ ಹೆಜ್ಜೆ ಎಣಿಸುತ್ತಾ ಓಡಿದ. ರೆಕ್ಕೆಗಳು ಈ ತುದಿಯಿಂದ ಆ ತುದಿಗೆ 50 ಮೀಟರ್. ಇಷ್ಟು ದೊಡ್ಡದನ್ನು ತಮಿಳುನಾಡಿನ ಅರಕ್ಕೋಣಂನಿಂದ ಬಿಚ್ಚಿ, ಲಾರಿಗಳ ಮೇಲೆ ಹೇರಿ ತಂದು, ಇಲ್ಲಿ ಮತ್ತೆ ಜೋಡಿಸಿದ್ದಾರೆ. ಮಾವ ಜೋಡಿಸಿದ ಗುರುತು ಹುಡುಕಿದ.

1988ರಲ್ಲಿ ಇಂಥವು ಭಾರತಕ್ಕೆ ಬಂದವು. ಒಟ್ಟು ಎಂಟು. ಮೊದಲು ಇದ್ದದ್ದು ನಮ್ಮ ಪಕ್ಕದ ಗೋವೆಯಲ್ಲೇ, ದಾಬೋಳಿಯಲ್ಲಿ. 1992ರಲ್ಲಿ ಅರಕ್ಕೋಣಂಗೆ ಹೋದವು. ಸಮುದ್ರದ ಮೇಲೆ ಗಂಟೆಗಟ್ಟಲೆ ಸುತ್ತುತ್ತಾ ಜಲಾಂತರ್ಗಾಮಿಗಳನ್ನು ಹುಡುಕುವುದು ಇವುಗಳ ಕೆಲಸ. 2017ರ ಮಾರ್ಚ್ 29ರಂದು ಎಲ್ಲವೂ ನಿವೃತ್ತಿ. ಒಂದು ವಿಶಾಖಪಟ್ಟಣದ ಬೀಚಿಗೆ ಬಂತು, ಒಂದು ಕಾರವಾರಕ್ಕೆ.

ಮಾವನಿಗೆ ಇದು ಯಾವುದೂ ಬೇಡವಾಗಿತ್ತು. ಅವನು ಎಂಜಿನ್ನಿನ ಮುಂದೆ ನಿಂತಿದ್ದ.

"ತಂಗಿ, ಇಲ್ಲಿ ನೋಡು. ಇದು ಒಂದು ಫ್ಯಾನ್ ಅಲ್ಲ, ಎರಡು."

ಹೌದು. ಒಂದೊಂದು ಎಂಜಿನ್ನಿಗೂ ಎರಡೆರಡು ಪಂಖ, ಒಂದರ ಹಿಂದೆ ಒಂದು. ಒಂದೊಂದಕ್ಕೂ ನಾಲ್ಕು ದಳ. ದಳದ ತಿರುವು ನೋಡಿದರೆ ಗೊತ್ತಾಗುತ್ತದೆ, ಮುಂದಿನದು ಒಂದು ಕಡೆಗೆ, ಹಿಂದಿನದು ಅದರ ಎದುರು ದಿಕ್ಕಿಗೆ. ಮಾವ ತನ್ನ ಎರಡು ಅಂಗೈ ಎದುರುಬದುರು ಇಟ್ಟು ತಿರುಗಿಸಿ ನೋಡಿದ. ತಿರುಗಿಸಿದ, ನಿಲ್ಲಿಸಿದ, ಮತ್ತೆ ತಿರುಗಿಸಿದ.

ನಾನು ಓದಿಕೊಂಡು ಬಂದಿದ್ದೆ. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದೆ. ಒಂದೇ ಪಂಖ ತಿರುಗಿದರೆ ಹಿಂದಕ್ಕೆ ಹೋಗುವ ಗಾಳಿ ಸುಳಿ ಸುತ್ತುತ್ತದೆ. ಆ ಸುತ್ತುವುದಕ್ಕೆ ಹೋದ ಶಕ್ತಿ ದಂಡ. ಹಿಂದಿನ ಪಂಖ ಎದುರು ದಿಕ್ಕಿಗೆ ತಿರುಗಿ ಆ ಸುಳಿಯನ್ನು ನೆಟ್ಟಗೆ ಮಾಡುತ್ತದೆ, ಆ ಶಕ್ತಿಯೂ ವಿಮಾನವನ್ನು ಮುಂದೆ ತಳ್ಳಲು ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಒಂದು ಎಂಜಿನ್ನಿನ ಶಕ್ತಿ ಸುಮಾರು 15,000 ಅಶ್ವಶಕ್ತಿ. ಅಷ್ಟನ್ನೂ ಒಂದೇ ಪಂಖಕ್ಕೆ ಕೊಟ್ಟರೆ ಆ ಪಂಖ ನೆಲಕ್ಕೆ ತಾಗುವಷ್ಟು ದೊಡ್ಡದಾಗಬೇಕು. ಹಂಚಿದ್ದಕ್ಕೇ 5.6 ಮೀಟರಿನಲ್ಲಿ ನಿಂತಿದೆ.

"ಹದಿನೈದು ಸಾವಿರ," ಎಂದ ಮಾವ. "ನಮ್ಮ ಪಂಪು ಐದು."

ಸ್ವಲ್ಪ ಹೊತ್ತು ಬಿಟ್ಟು, "ಗೇರು ಎಂತ ಹಾಕಿದ್ದ ಒಳಗೆ?" ಎಂದ.

ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಇದರ ಮೂಲ ಟಿಯು-95 ಎಂಬ ಬಾಂಬರ್. 1952ರಲ್ಲಿ ಮೊದಲು ಹಾರಿತು. ಮರುವರ್ಷವೇ ಆ ಮೊದಲ ವಿಮಾನ ಸುಟ್ಟು ಬಿತ್ತು, ಪೈಲಟ್ ಸತ್ತ. ಕಾರಣ ಗೇರ್ ಮುರಿದದ್ದು. ಆಗ ಇದ್ದದ್ದು ಬೇರೆ ಎಂಜಿನ್. ಆಮೇಲೆ ಹಾಕಿದ ಎನ್‌ಕೆ-12 ಈಗ ಮಾವನ ತಲೆಯ ಮೇಲಿದ್ದ ಎಂಜಿನ್ನಿನ ಜಾತಿ. ಅದನ್ನು ಕಟ್ಟಿದ್ದು ಕುಯ್ಬಿಶೆವ್ ಎಂಬ ಊರಲ್ಲಿ, ಕುಜ್ನೆತ್ಸೊವ್ ಎಂಬವರ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸ ಮಾಡಿದವರಲ್ಲಿ ತುಂಬ ಮಂದಿ ಜರ್ಮನ್, ಆಸ್ಟ್ರಿಯನ್ ಎಂಜಿನಿಯರುಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ 1946ರಲ್ಲಿ ರಷ್ಯಾದವರು ಅವರನ್ನು ಹೆಂಡತಿ ಮಕ್ಕಳ ಸಮೇತ ರೈಲಿಗೆ ಹತ್ತಿಸಿ ಕರೆದೊಯ್ದಿದ್ದರು. ಎಂಜಿನ್ ಮುಗಿದ ಮೇಲೇ ಅವರಿಗೆ ಊರಿಗೆ ಹೋಗಲು ಬಿಟ್ಟದ್ದು.

"ಎಂಜಿನ್ ಮಾಡಿದವ್ವೂ ಹಿಡದು ತಂದವ್ವನಾ?"

"ವಿಮಾನ ಮಾಡಿದವನ ಕಥೆಯೂ ಅದೇ ಮಾವ."

ಗಾಳಿ ಮರದ ನೆರಳಲ್ಲಿ ಕೂತೆವು. ಮಗ ಶೇಂಗಾ ತಂದ.

ವಿಮಾನ ಮಾಡಿದವನ ಹೆಸರು ಆಂದ್ರೇ ಟುಪೊಲೆವ್, ಹುಟ್ಟಿದ್ದು 1888ರಲ್ಲಿ. ರಷ್ಯಾದಲ್ಲಿ ಪೂರ್ತಿ ಲೋಹದ ವಿಮಾನ ಮೊದಲು ಮಾಡಿದವ ಅವನೇ, 1924ರಲ್ಲಿ. 1937ರಲ್ಲಿ ಅವನು ಮಾಡಿದ ವಿಮಾನ ಮಾಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಎಲ್ಲೂ ಇಳಿಯದೆ ಅಮೆರಿಕ ತಲುಪಿತು. ಜಗತ್ತೆಲ್ಲ ಹೊಗಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಟಾಲಿನ್ನನ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ದೇಶದ್ರೋಹದ ಆರೋಪ, ಹದಿನೈದು ವರ್ಷ ಶಿಕ್ಷೆ. ಆದರೆ ಯುದ್ಧ ಹತ್ತಿರ ಬರುತ್ತಿತ್ತು, ವಿಮಾನ ಬೇಕು, ಮಾಡುವವರಲ್ಲಿ ತುಂಬ ಮಂದಿ ಜೈಲಲ್ಲಿ. ಅದಕ್ಕೆ ಜೈಲಿನೊಳಗೇ ಡ್ರಾಯಿಂಗ್ ಆಫೀಸು ಮಾಡಿದರು. ಕೈದಿಗಳು ಹಗಲು ವಿಮಾನದ ನಕ್ಷೆ ಬರೆಯಬೇಕು, ರಾತ್ರಿ ಬೀಗ ಹಾಕಿದ ಕೋಣೆಯಲ್ಲಿ ಮಲಗಬೇಕು. ಕಟ್ಟಡದ ತಾರಸಿಯ ಮೇಲೆ ಸರಳು ಹಾಕಿದ ಪಂಜರ, ಅಡ್ಡಾಡಲು ಅಷ್ಟೇ ಜಾಗ. ಮುಂದೆ ರಷ್ಯಾದ ರಾಕೆಟ್ ಕಟ್ಟಿದ ಕೊರೊಲೆವ್ ಕೂಡ ಅಲ್ಲೇ ಕೈದಿ. ಅವನು ಕಾಲೇಜಿನಲ್ಲಿದ್ದಾಗ ಟುಪೊಲೆವ್ ಅವನ ಮಾರ್ಗದರ್ಶಕ. ಗುರು ಶಿಷ್ಯ ಇಬ್ಬರೂ ಒಂದೇ ಜೈಲಲ್ಲಿ ನಕ್ಷೆ ಬರೆದರು. ಅಲ್ಲಿ ಹುಟ್ಟಿದ ಟಿಯು-2 ಒಳ್ಳೆಯ ವಿಮಾನವಾಯಿತು. 1941ರಲ್ಲಿ ಟುಪೊಲೆವ್‌ನನ್ನು ಬಿಟ್ಟರು. ಅವನದೇನೂ ತಪ್ಪಿಲ್ಲ ಎಂದು ಸರ್ಕಾರ ಒಪ್ಪಿಕೊಂಡದ್ದು ಸ್ಟಾಲಿನ್ ಸತ್ತ ಮೇಲೆ, 1955ರಲ್ಲಿ.

ಮಾವ ಶೇಂಗಾ ಸಿಪ್ಪೆಯನ್ನು ಜೋಡಿಸಿ ಸಾಲು ಮಾಡುತ್ತಿದ್ದ. ಏನೂ ಹೇಳಲಿಲ್ಲ.

"ಇನ್ನೊಂದು ಕಥೆ ಇದೆ, ಇದು ನಿನಗೇ ಅಂತ ಇಟ್ಟಿದ್ದೆ," ಎಂದೆ. 1944ರಲ್ಲಿ ಜಪಾನಿನವರ ಮೇಲೆ ಬಾಂಬ್ ಹಾಕಲು ಹೋದ ಅಮೆರಿಕದ ಮೂರು ಬಿ-29 ವಿಮಾನಗಳು ಕೆಟ್ಟು ರಷ್ಯಾದಲ್ಲಿ ಇಳಿದವು. ರಷ್ಯಾ ವಾಪಸ್ ಕೊಡಲಿಲ್ಲ. ಇದರ ತದ್ರೂಪ ಮಾಡು ಎಂದು ಸ್ಟಾಲಿನ್ ಟುಪೊಲೆವ್‌ಗೆ ಹೇಳಿದ. ಒಂದು ವಿಮಾನವನ್ನು ಪೂರ್ತಿ ಬಿಚ್ಚಿದರು. ಲಕ್ಷಕ್ಕೂ ಮಿಕ್ಕಿ ಬಿಡಿಭಾಗ. ಪ್ರತಿಯೊಂದನ್ನೂ ತೂಗಿ, ಅಳೆದು, ಚಿತ್ರ ಬರೆದರು. ಕಷ್ಟ ಶುರುವಾದದ್ದು ಹೊದಿಕೆಯ ತಗಡಿನಿಂದ. ಅಮೆರಿಕದವರದ್ದು ಇಂಚಿನ ಲೆಕ್ಕ, ರಷ್ಯಾದವರದ್ದು ಮಿಲಿಮೀಟರ್. ತಗಡಿನ ದಪ್ಪ ಒಂದು ಇಂಚಿನ ಹದಿನಾರನೇ ಒಂದು ಭಾಗ.

"ಅರ್ಧ ಸೂತು!" ಎಂದ ಮಾವ.

ಅರ್ಧ ಸೂತು. ಮಿಲಿಮೀಟರಿನಲ್ಲಿ 1.5875. ಅಂಥ ತಗಡು ರಷ್ಯಾದ ಯಾವ ಕಾರ್ಖಾನೆಯಲ್ಲೂ ಬರುವುದಿಲ್ಲ. ದಪ್ಪದ್ದು ಹಾಕಿದರೆ ತೂಕ ಜಾಸ್ತಿ, ತೆಳುವಾದರೆ ಗಟ್ಟಿ ಇಲ್ಲ. ಕೊನೆಗೆ ಒಂದೊಂದು ಜಾಗದಲ್ಲಿ ಎಷ್ಟು ಬಲ ಬೀಳುತ್ತದೆ ಎಂದು ಬೇರೆ ಬೇರೆ ಲೆಕ್ಕ ಹಾಕಿ, ಇಲ್ಲಿ ದಪ್ಪ, ಅಲ್ಲಿ ತೆಳು ಎಂದು ಹೊಂದಿಸಿದರು. 1947ರಲ್ಲಿ ಟಿಯು-4 ಎಂಬ ಹೆಸರಲ್ಲಿ ಹಾರಿತು.

ಮಾವ ಮೊಣಕಾಲು ತಟ್ಟಿಕೊಂಡು ನಕ್ಕ. ಎರಡು ದಿನದಲ್ಲಿ ಅವನು ಹಾಗೆ ನಕ್ಕದ್ದು ಅದೊಂದೇ ಸಲ. "ನಾ ನಿನ್ನೆ ಘಟ್ಟದಲ್ಲಿ ಮಾಡಿದ್ದೂ ಅದೇ ಅಲ್ದನೇ! ತಗಡು ತುರುಕಿದ್ದು!"

ಅಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಮುಂದೆ ಟಿಯು-95 ಮಾಡುವಾಗಲೂ ದೇಹದ ದುಂಡಗಿನ ಅಳತೆ ಆ ಬಿ-29ರದ್ದೇ ಉಳಿಯಿತು, 2.9 ಮೀಟರ್. ಅದರಿಂದ ಟಿಯು-142ಕ್ಕೆ ಬಂತು. ಅಮೆರಿಕದ ಇಂಚಿನ ಅಳತೆ, ರಷ್ಯಾದ ಜೈಲಿಂದ ಬಂದವನ ನಕ್ಷೆ, ಹಿಡಿದು ತಂದ ಜರ್ಮನರ ಎಂಜಿನ್. ಎಲ್ಲ ಸೇರಿ ಈಗ ಕಾರವಾರದ ಮರಳಲ್ಲಿ, ಚುರುಮುರಿ ಗಾಡಿಯ ಪಕ್ಕ ನಿಂತಿದೆ.

ಮಾವ ಎದ್ದು ಮತ್ತೆ ವಿಮಾನದ ಹತ್ತಿರ ಹೋದ. ಈ ಸಲ ಎಂಜಿನ್ ನೋಡಲಿಲ್ಲ. ಹೊಟ್ಟೆಯ ತಗಡಿನ ಕೆಳಗೆ ನಿಂತು ರಿವೆಟ್ಟಿನ ಸಾಲನ್ನು ಬೆರಳಲ್ಲೇ ಗಾಳಿಯಲ್ಲಿ ಎಣಿಸಿದ. ಸಾಲು ತಪ್ಪಿದ್ದು ಎಲ್ಲಾದರೂ ಇದೆಯಾ ಎಂದು ನೋಡುತ್ತಿದ್ದನಂತೆ. ಸಿಗಲಿಲ್ಲವಂತೆ. ಒಳಗೆ ನೋಡಿ ಬರೋಣ ಎಂದರೆ, "ನೀವು ಹೋಗ್ಬನ್ನಿ" ಎಂದು ಅಲ್ಲೇ ಉಳಿದ.

ಇದರ ಸದ್ದು ಹೇಗಿರುತ್ತಿತ್ತು ಎಂದು ಮಗ ಕೇಳಿದ. ಜಗತ್ತಿನ ಅತಿ ಗದ್ದಲದ ವಿಮಾನಗಳಲ್ಲಿ ಇದರ ಜಾತಿಯದ್ದೂ ಒಂದು. ಪಂಖ ನಿಧಾನಕ್ಕೇ ತಿರುಗುವುದು, ನಿಮಿಷಕ್ಕೆ 750 ಸುತ್ತಿನ ಲೆಕ್ಕ. ಆದರೆ ಅಷ್ಟು ಉದ್ದದ ದಳದ ತುದಿಯ ವೇಗಕ್ಕೆ ವಿಮಾನ ಮುಂದೆ ಹೋಗುವ ವೇಗವೂ ಸೇರಿದಾಗ, ದಳದ ತುದಿ ಶಬ್ದದ ವೇಗವನ್ನೇ ದಾಟುತ್ತದೆ. ಪ್ರತಿ ದಳವೂ ಗಾಳಿಯನ್ನು ಸೀಳುತ್ತದೆ. ಎಂಟು ದಳ, ನಾಲ್ಕು ಎಂಜಿನ್. ಮಗ ಗುಣಾಕಾರ ಮಾಡಿ ಮೂವತ್ತೆರಡು ಎಂದ.

ಮೀನು ಬಿಟ್ಟು ಬೇರೆ ಊಟ ಸಿಗುವ ಹೋಟೆಲ್ ಹುಡುಕುವುದರಲ್ಲಿ ಮಧ್ಯಾಹ್ನ ಕಳೆಯಿತು. ಸಂಜೆ ಬಿದ್ದ ತೆಂಗಿನ ಗರಿಯೊಂದನ್ನು ಮಾವ ಹಿಡಿದುಕೊಂಡು ಬಂದ. ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಗಿರಗಿಟ್ಲೆ ಮಾಡಿದ. ಒಂದಲ್ಲ, ಎರಡು. ಒಂದನ್ನು ಬಲಕ್ಕೆ ಮಡಚಿದ, ಇನ್ನೊಂದನ್ನು ಎಡಕ್ಕೆ. ಎರಡನ್ನೂ ಒಂದೇ ಹಿಡಿಕಡ್ಡಿಗೆ ಚುಚ್ಚಿದ. ಮಗ ಹಿಡಿದುಕೊಂಡು ಮಲಗಿದ.

ಮೂರನೇ ದಿನ

ಬೆಳಿಗ್ಗೆ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗಿ ಬಂದೆವು. 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಹಳೇ ಸೇತುವೆ ಬಿದ್ದಾಗ ಲಾರಿಯೊಂದು ನದಿಗೆ ಹೋಗಿತ್ತು, ಡ್ರೈವರ್ ಬದುಕಿದ. ಸೇತುವೆ ಹೇಗೆ ಬಿತ್ತು ಎಂದು ಮಾವ ಕೇಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಡ್ಡದ ಮೇಲಿನ ಗಾಳಿ ಚೆನ್ನಾಗಿತ್ತು. ಅಷ್ಟೇ, ಬೇರೆ ಹೇಳುವಂಥದ್ದೇನಿಲ್ಲ.

ವಾಪಸ್ ಬರುವಾಗ ಅಂಕೋಲೆಯಿಂದ ಯಲ್ಲಾಪುರದ ದಾರಿ ಹಿಡಿದೆ. ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲು. ಮೊದಲ ಗೇರಿನಲ್ಲಿ ತೆವಳಬೇಕು. ಆಗ ಮಾವ ಕೇಳಿದ. ನಿನ್ನೆಯಿಂದ ಇಟ್ಟುಕೊಂಡಿದ್ದ ಪ್ರಶ್ನೆ ಇರಬೇಕು.

"ಅಲ್ಲ ತಂಗಿ. ಅಂವ ಜೈಲಲ್ಲಿ ಕುಂತ್ಕಂಡು ಒಳ್ಳೇ ವಿಮಾನ ಎಂತಕ್ಕೆ ಮಾಡ್ದ? ಬೇಕಂತ ಹಾಳು ಮಾಡ್ಲಾಗಿತ್ತು."

"ಹಾಳು ಮಾಡಿದ್ರೆ ಗುಂಡು ಹೊಡಿತಿದ್ರು."

"ಅದು ಹೌದು. ಸುಮಾರಾಗಿ ಮಾಡ್ಲಾಗಿತ್ತು. ಸುಮಾರಾಗಿದ್ದದ್ದು ಯಾರಿಗೂ ಗೊತ್ತಾಗ್ತಿಲ್ಲೆ."

ಮುಂದಿನ ಲಾರಿ ನಿಂತಿತು. ನಾನೂ ನಿಲ್ಲಿಸಿದೆ. ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಹೆದರಿಕೆ ಎನ್ನಬಹುದು, ದೇಶ ಎನ್ನಬಹುದು. ಎರಡೂ ನನಗೆ ಪೂರ್ತಿ ಅನ್ನಿಸಲಿಲ್ಲ. ಮೊನ್ನೆ ಇದೇ ಮಾವ ದೇವಿಮನೆಯಲ್ಲಿ ಗಾಡಿ ಶುರುವಾದ ಮೇಲೂ ಬಾನೆಟ್ ಮುಚ್ಚದೆ, ಆ ತಗಡನ್ನು ತೆಗೆದು ಮತ್ತೊಂದು ಮಡಿಕೆ ಮಡಚಿ ಇನ್ನೊಮ್ಮೆ ಬಿಗಿ ಮಾಡಿದ್ದ. ಯಾಕೆ ಎಂದು ಕೇಳಿದ್ದಕ್ಕೆ, ಸುಮ್ನೆ ಎಂದಿದ್ದ.

ಲಾರಿ ಹೊರಟಿತು. ಘಟ್ಟದ ನೆತ್ತಿ ಹತ್ತಿರ ಬಂದಾಗ ರಸ್ತೆ ಬಿಡುವಾಯಿತು, ಗಾಡಿಗೆ ವೇಗ ಬಂತು. ಹಿಂದಿನ ಸೀಟಿನಲ್ಲಿದ್ದ ಮಗ ಗಿರಗಿಟ್ಲೆಯನ್ನು ಕಿಟಕಿಗೆ ಹಿಡಿದ.

"ಅಜ್ಜಾ, ಮುಂದಿನದು ತಿರುಗ್ತಾ ಇದೆ, ಹಿಂದಿನದು ನಿಂತಿದೆ!"

ಮಾವ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ. ಕನ್ನಡಕ ಏರಿಸಿ ನೋಡಿದ. ಎರಡು ಗರಿಯೂ ಒಂದಕ್ಕೊಂದು ಉಜ್ಜುತ್ತಿದ್ದವು.

"ನಿಲ್ಸು ತಂಗಿ, ಗಾಡಿ ನಿಲ್ಸು. ನಡುವೆ ಒಂದು ವಾಷರ್ ಬೇಕು."

ಬದಿಗೆ ಹಾಕಿದೆ. ಮಾವ ಕಾಲ ಬುಡದ ಚೀಲವನ್ನು ಮಡಿಲಿಗೆ ಎತ್ತಿಕೊಂಡು ಕೈ ಹಾಕಿ ಹುಡುಕತೊಡಗಿದ.